ಡರ್ಬಿಯಲ್ಲಿ ವಿಜಯಪುರದ ಎಡಗೈ



7.3 ಓವರ್, 15 ರನ್, 5 ವಿಕೆಟ್. ಕ್ರಿಕೆಟ್ ತಿಳಿದವರು ಇಷ್ಟು ಕೇಳಿದರೆ ಸಾಕು, ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಾರೆ. ತಿಳಿಯದವರು ರೇಡಿಯೋ ಬಂದ್ ಮಾಡಬೇಡ್ರಿ, ಸ್ವಲ್ಪ ತಡೀರಿ. ಈ ಲೆಕ್ಕ ಬರೆದದ್ದು ನಮ್ಮ ವಿಜಯಪುರದ ಹುಡುಗಿ. ಬರೆದ ಜಾಗ ಇಂಗ್ಲೆಂಡಿನ ಡರ್ಬಿ ಎಂಬ ಊರು, ತಾರೀಖು 2017ರ ಜುಲೈ 15. ಆಕೆಯ ಹೆಸರು ರಾಜೇಶ್ವರಿ ಗಾಯಕವಾಡ.

ಆ ದಿನದ ಪರಿಸ್ಥಿತಿ ಮೊದಲು ಹೇಳಿಬಿಡುತ್ತೇನೆ. ಮಹಿಳೆಯರ ವಿಶ್ವಕಪ್ ನಡೆದಿತ್ತು. ಭಾರತ ಮೊದಲ ನಾಲ್ಕು ಪಂದ್ಯ ಗೆದ್ದು ಗತ್ತಿನಲ್ಲಿತ್ತು. ಆಮೇಲೆ ದಕ್ಷಿಣ ಆಫ್ರಿಕದ ಕೈಲಿ ಸೋತಿತು, ಆಸ್ಟ್ರೇಲಿಯದ ಕೈಲೂ ಸೋತಿತು. ಉಳಿದದ್ದು ನ್ಯೂಜಿಲೆಂಡ್ ಜೊತೆಗಿನ ಒಂದೇ ಪಂದ್ಯ. ಗೆದ್ದವರು ಸೆಮಿಫೈನಲ್ಲಿಗೆ, ಸೋತವರು ಊರಿಗೆ. ಅಂಥ ಪಂದ್ಯಕ್ಕೆ ನಾಯಕಿ ಮಿಥಾಲಿ ರಾಜ್ ತಂಡದಲ್ಲಿ ಬದಲಾವಣೆ ಮಾಡಿದರು. ಅದೇ ಡರ್ಬಿಯಲ್ಲಿ ಎರಡು ವಾರದ ಹಿಂದೆ ಪಾಕಿಸ್ತಾನದ ಮೇಲೆ ಐದು ವಿಕೆಟ್ ಕಿತ್ತಿದ್ದ ಎಡಗೈ ಸ್ಪಿನ್ನರ್ ಏಕ್ತಾ ಬಿಷ್ಟ್ ಹೊರಗೆ ಕೂತರು. ಇನ್ನೊಬ್ಬ ಎಡಗೈ ಸ್ಪಿನ್ನರ್ ರಾಜೇಶ್ವರಿ ಒಳಗೆ ಬಂದರು. ಆ ಟೂರ್ನಿಯಲ್ಲಿ ಅವರಿಗೆ ಅದೇ ಮೊದಲ ಪಂದ್ಯ. ಅಲ್ಲಿಯವರೆಗೆ ಬೆಂಚು ಕಾದದ್ದು, ನೀರಿನ ಬಾಟಲಿ ಹೊತ್ತದ್ದು.

ಭಾರತ ಮೊದಲು ಬ್ಯಾಟ್ ಮಾಡಿ 265 ರನ್ ಮಾಡಿತು. ಮಿಥಾಲಿ 109, ಹರ್ಮನ್‌ಪ್ರೀತ್ 60. ನಮ್ಮದೇ ಕಡೂರಿನ ವೇದಾ ಕೃಷ್ಣಮೂರ್ತಿ 45 ಚೆಂಡಿಗೆ 70 ಚಚ್ಚಿದರು. ಆಮೇಲೆ ನ್ಯೂಜಿಲೆಂಡ್ ಆಡಲು ಬಂತು. 25.3 ಓವರಿನಲ್ಲಿ 79ಕ್ಕೆ ಗಂಟು ಕಟ್ಟಿತು. 186 ರನ್ನಿನ ಗೆಲುವು. ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ, ನೋಡಿ. ತಂಡದ ಓವರ್ 25.3, ರಾಜೇಶ್ವರಿಯವರ ಓವರ್ 7.3. ಅಂದರೆ ಆಟಕ್ಕೆ ಪರದೆ ಎಳೆದ ಕೊನೆಯ ಚೆಂಡೂ ಅವರದೇ. ವಿಶ್ವಕಪ್ಪಿನ ಒಂದು ಪಂದ್ಯದಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಅದುವರೆಗೆ ಮಾಡಿದ ಬೌಲಿಂಗಿನಲ್ಲಿ ಅದೇ ಶ್ರೇಷ್ಠ. ಪಂದ್ಯಶ್ರೇಷ್ಠ ಪ್ರಶಸ್ತಿ ಮಾತ್ರ ಮಿಥಾಲಿಯವರಿಗೆ ಹೋಯಿತು. ಶತಕ ಹೊಡೆದವರಿಗೆ ಕೊಟ್ಟದ್ದು ತಪ್ಪು ಅನ್ನಲಾರೆ. ಆದರೆ ಕ್ರಿಕೆಟ್ಟಿನಲ್ಲಿ ಬಹುಮಾನ ಹಂಚುವವರ ಕಣ್ಣು ಬ್ಯಾಟಿನ ಮೇಲೇ ಮೊದಲು ಬೀಳುತ್ತದೆ ಎಂಬುದು ನನ್ನ ಹಳೆಯ ತಕರಾರು.

ಎಡಗೈ ಸ್ಪಿನ್ ಎಂದರೆ ಏನು? ಮನೆಯಲ್ಲಿ ಕೂತು ಕೇಳುತ್ತಿರುವ ಅವ್ವಂದಿರಿಗೆ, ಅಜ್ಜಂದಿರಿಗೆ ಒಂದು ಮಾತು. ತೋರುಬೆರಳು, ನಡುಬೆರಳು ಚೆಂಡಿನ ಹೊಲಿಗೆಯ ಮೇಲೆ ಅಗಲಿಸಿ ಕೂರಬೇಕು. ಬಿಡುವ ಹೊತ್ತಿಗೆ ಬಾಗಿಲ ಗುಂಡಿ ತಿರುವಿದ ಹಾಗೆ ಬೆರಳು ತಿರುಗಬೇಕು. ಚೆಂಡು ಗಾಳಿಯಲ್ಲಿ ಬಲಗೈ ಬ್ಯಾಟರಿನ ಕಾಲಿನ ಕಡೆಗೆ ಬರುತ್ತ ಬರುತ್ತ ನೆಲಕ್ಕೆ ಬಿದ್ದ ಮೇಲೆ ಆಚೆಗೆ ಸರಿಯುತ್ತದೆ. ಬ್ಯಾಟರು ಆಚೆಗೆ ಸರಿಯುತ್ತದೆ ಎಂದು ನಂಬಿ ಬ್ಯಾಟು ಚಾಚಿದಾಗ, ಅದೇ ಕೈಯಿಂದ, ಅದೇ ಓಟದಿಂದ ಇನ್ನೊಂದು ಚೆಂಡು ಬರುತ್ತದೆ. ಅದು ಸರಿಯುವುದಿಲ್ಲ. ಬಂದ ದಾರಿಯಲ್ಲೇ ನೆಟ್ಟಗೆ ಹೋಗಿ ಸ್ಟಂಪಿಗೋ ಕಾಲಿನ ಪ್ಯಾಡಿಗೋ ಬಡಿಯುತ್ತದೆ. ಭಾರೀ ತಿರುವು ಇರುವ ಬೌಲರಿಗಿಂತ ಈ ನೆಟ್ಟಗಿನ ಬೌಲರೇ ಅಪಾಯ. ರಾಜೇಶ್ವರಿ ಈ ಜಾತಿಯವರು. ಸ್ಟಂಪಿನಿಂದ ಸ್ಟಂಪಿಗೆ, ಬ್ಯಾಟರು ತಪ್ಪಿದರೆ ಔಟು, ಅಷ್ಟೇ. ಅಲಂಕಾರ ಇಲ್ಲ. ಇಂಥ ಬೌಲಿಂಗ್ ಟಿವಿಯಲ್ಲಿ ನೋಡಲು ಚೆಂದ ಕಾಣುವುದಿಲ್ಲ. ಎದುರಿಗೆ ನಿಂತವರಿಗೆ ಮಾತ್ರ ಅದರ ಬಿಸಿ ಗೊತ್ತು.

ಆ ಡರ್ಬಿ ಮೈದಾನದಲ್ಲಿ ಭಾರತ ಆ ಟೂರ್ನಿಯ ಮೂರು ಪಂದ್ಯಗಳನ್ನು ಆಗಲೇ ಆಡಿ ಮುಗಿಸಿತ್ತು. ಬೌಂಡರಿ ಗೆರೆಯಾಚೆ ಕೂತವರಿಗೂ ಪಿಚ್ಚು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಲು ಬೇಕಾದಷ್ಟು ಹೊತ್ತು ಸಿಕ್ಕಿತ್ತು. ಕಾಯುವುದೂ ಒಂದು ಅಭ್ಯಾಸವೇ. ರಾಜೇಶ್ವರಿಯವರಿಗೆ ಅದು ಹೊಸದೂ ಅಲ್ಲ.

1991ರ ಜೂನ್ 1ರಂದು ವಿಜಯಪುರದಲ್ಲಿ, ಅಂದಿನ ಬಿಜಾಪುರದಲ್ಲಿ, ಅವರು ಹುಟ್ಟಿದರು. ತಂದೆ ಶಿವಾನಂದ ಗಾಯಕವಾಡ ಶಾಲಾ ಮಾಸ್ತರರು. ಮಾಸ್ತರರ ಮನೆ ಎಂದರೆ ಪುಸ್ತಕದ ಮನೆ ಎಂದು ನಾವು ಅಂದುಕೊಳ್ಳುತ್ತೇವೆ. ಇವರದು ಆಟದ ಮನೆ. ಮಕ್ಕಳು ಮೈದಾನಕ್ಕೆ ಹೋಗಬೇಕು ಎಂಬುದು ತಂದೆಯ ಹಟ. ಮಗಳು ಕ್ರಿಕೆಟ್ಟಿಗೆ ಬಂದದ್ದು ತಡವಾಗಿ, ಹದಿಹರೆಯ ಮುಗಿಯುವ ಹೊತ್ತಿಗೆ. ಬೆಂಗಳೂರು, ಮುಂಬೈಯ ಮಕ್ಕಳು ಎಂಟು ವರ್ಷಕ್ಕೇ ಕಿಟ್ ಬ್ಯಾಗ್ ಹೊತ್ತು ಕೋಚಿಂಗಿಗೆ ಹೋಗುತ್ತಾರೆ. ನಮ್ಮಲ್ಲಿ ಹುಡುಗಿಯರ ಕೈಗೆ ಲೆದರ್ ಬಾಲ್ ಸಿಗಬೇಕಾದರೆ ಮೊದಲು ಯಾರಾದರೂ ಹುಡುಗಿಯರಿಗಂತಲೇ ಒಂದು ಕ್ಲಬ್ ಕಟ್ಟಬೇಕು. ಆ ಕ್ಲಬ್ ನಡೆಸುವವರಿಗೆ ಮನೆಯವರು ಮಗಳನ್ನು ನಂಬಿ ಒಪ್ಪಿಸಬೇಕು. ವಿಜಯಪುರದಲ್ಲಿ ಅಂಥದ್ದು ಶುರುವಾದಾಗ ಈ ಮಾಸ್ತರರು ಮಕ್ಕಳನ್ನು ಕಳಿಸಿದರು. ನೆರೆಮನೆಯವರು ಏನೆಂದರೋ ಏನೋ, ನಮ್ಮ ಓಣಿಗಳ ಬಾಯಿ ನಿಮಗೆ ಗೊತ್ತಲ್ಲ.

ಕಳಿಸಿದರೆ ಆಗಲಿಲ್ಲ. ವಿಜಯಪುರದಿಂದ ಬೆಂಗಳೂರು 500 ಕಿಲೋಮೀಟರಿಗೂ ಮೇಲೆ. ರಾಜ್ಯ ತಂಡದ ಆಯ್ಕೆ, ಶಿಬಿರ, ದೊಡ್ಡ ಪಂದ್ಯ ಎಂದರೆ ಬಹಳ ಸಲ ದಕ್ಷಿಣಕ್ಕೇ ಹೋಗಬೇಕು. ರಾತ್ರಿಯೆಲ್ಲ ಗೋಲಗುಂಬಜ ಎಕ್ಸ್‌ಪ್ರೆಸ್ಸಿನಲ್ಲೋ ಕೆಂಪು ಬಸ್ಸಿನಲ್ಲೋ ಕೂತು, ಬೆಳಿಗ್ಗೆ ಇಳಿದು, ಮುಖ ತೊಳೆದು, ಅದೇ ಮೈಕೈ ನೋವಿನಲ್ಲಿ ಚೆಂಡು ಹಾಕಿ ತೋರಿಸಬೇಕು. ಪಕ್ಕದ ಓಣಿಯಿಂದ ಸ್ಕೂಟರಿನಲ್ಲಿ ಬಂದ ಹುಡುಗಿಯೂ ಅದೇ ಸಾಲಿನಲ್ಲಿ ನಿಂತಿರುತ್ತಾಳೆ. ಆಯ್ಕೆದಾರರ ಕಾಗದದಲ್ಲಿ ಈ ದೂರಕ್ಕೆ ಅಂಕದ ಕಲಂ ಇರುವುದಿಲ್ಲ. ನಮ್ಮ ಜಿಲ್ಲೆಯ ಟಿಕೋಟಾ, ಬಬಲೇಶ್ವರದ ಹುಡುಗಿಯರಿಗಾದರೆ ವಿಜಯಪುರ ಮುಟ್ಟುವ ದಾರಿಯೂ ಅದಕ್ಕೆ ಸೇರುತ್ತದೆ.

2014ರ ಜನವರಿ 19. ವಿಶಾಖಪಟ್ಟಣದಲ್ಲಿ ಶ್ರೀಲಂಕಾ ವಿರುದ್ಧ ರಾಜೇಶ್ವರಿ ಭಾರತದ ಟೋಪಿ ಧರಿಸಿದರು. ಅದೇ ವರ್ಷ ತಂದೆ ಹೃದಯಾಘಾತದಿಂದ ತೀರಿಕೊಂಡರು. ಮನೆಯ ಹೊಣೆ ಇಪ್ಪತ್ಮೂರರ ಆಸುಪಾಸಿನ ಮಗಳ ಮೇಲೆ ಬಿತ್ತು. ನವೆಂಬರ್ 16ರಂದು ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ದಕ್ಷಿಣ ಆಫ್ರಿಕ ಎದುರು ಮೊದಲ ಟೆಸ್ಟ್ ಆಡಿದರು, ಭಾರತ ಇನಿಂಗ್ಸ್ ಮತ್ತು 34 ರನ್ನಿನಿಂದ ಗೆದ್ದಿತು. ಆ ನವೆಂಬರ್ ಒಂದರಿಂದ ಊರಿನ ಹೆಸರೂ ಬಿಜಾಪುರ ಹೋಗಿ ವಿಜಯಪುರ ಆಗಿತ್ತು. ಮೊದಲ ಒಂದು ದಿನದ ಪಂದ್ಯ ಬಿಜಾಪುರದ ಹುಡುಗಿಯಾಗಿ, ಮೊದಲ ಟೆಸ್ಟ್ ವಿಜಯಪುರದ ಹುಡುಗಿಯಾಗಿ. ಮಗಳನ್ನು ಮೈದಾನಕ್ಕೆ ಕಳಿಸಿದ ಮಾಸ್ತರರು ಇದನ್ನು ನೋಡಲು ಇರಲಿಲ್ಲ.

ಇಲ್ಲಿ ಸ್ವಲ್ಪ ದೂರದ ಸುದ್ದಿಗೆ ಹೋಗುತ್ತೇನೆ. ಐರ್ಲೆಂಡಿನಲ್ಲಿ ಗೇಲಿಕ್ ಫುಟ್ಬಾಲ್ ಎಂಬ ಆಟವಿದೆ. ಕಾಲಲ್ಲೂ ಒದೆಯುತ್ತಾರೆ, ಕೈಯಲ್ಲೂ ಹಿಡಿಯುತ್ತಾರೆ. 1884ರಲ್ಲಿ ಕಟ್ಟಿದ ಸಂಸ್ಥೆಯೊಂದು ಅದನ್ನು ಇವತ್ತಿಗೂ ನಡೆಸುತ್ತಿದೆ. ಆಟಗಾರರಿಗೆ ಸಂಬಳ ಇಲ್ಲ, ಹರಾಜು ಇಲ್ಲ. ಮಾಸ್ತರ, ರೈತ, ಪೊಲೀಸ, ಯಾರೇ ಇರಲಿ, ಸಾಮಾನ್ಯವಾಗಿ ತನ್ನ ಊರಿನ ಕ್ಲಬ್ಬಿಗೆ, ತನ್ನ ಜಿಲ್ಲೆಗೆ ಆಡುತ್ತಾನೆ. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಫೈನಲ್ ನೋಡಲು 80,000ಕ್ಕೂ ಹೆಚ್ಚು ಜನ ಸೇರುತ್ತಾರೆ. ಕೆರ್ರಿ ಜಿಲ್ಲೆಯ ಮಿಕ್ ಓ’ಕಾನೆಲ್ ಎಂಬಾತ ಅಲ್ಲಿ ದಂತಕತೆ. ಆತ ವ್ಯಾಲೆನ್ಷಿಯ ಎಂಬ ದ್ವೀಪದವನು, ಅಲ್ಲಿನ ತಂತಿ ಕೇಂದ್ರದಲ್ಲಿ ನೌಕರಿ. ಸೇತುವೆ ಇಲ್ಲದ ಕಾಲದಲ್ಲಿ ಪ್ರಾಕ್ಟೀಸಿಗೆ ತಾನೇ ದೋಣಿ ಹುಟ್ಟು ಹಾಕಿಕೊಂಡು ದಡಕ್ಕೆ ಬರುತ್ತಿದ್ದ. 1959ರಲ್ಲಿ ನಾಯಕನಾಗಿ ಅಖಿಲ ಐರ್ಲೆಂಡ್ ಕಪ್ ಗೆದ್ದು, ಕಪ್ಪನ್ನು ಡ್ರೆಸ್ಸಿಂಗ್ ರೂಮಿನಲ್ಲೇ ಬಿಟ್ಟು ದ್ವೀಪಕ್ಕೆ ಮರಳಿದ ಎಂಬ ಕತೆಯನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ.

ಇದನ್ನು ಯಾಕೆ ಹೇಳಿದೆ ಎಂದರೆ, ಅಲ್ಲಿ ಜಿಲ್ಲೆಗೆ ಆಟಗಾರ, ಆಟಗಾರನಿಗೆ ಜಿಲ್ಲೆ. ನಮ್ಮಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ನಡೆದಾಗ ಬಿಜಾಪುರ ಬುಲ್ಸ್ ಎಂಬ ತಂಡ ಇತ್ತು. 2015ರಲ್ಲಿ, 2018ರಲ್ಲಿ ಕಪ್ಪನ್ನೂ ಗೆದ್ದಿತು. ಪಂದ್ಯಗಳು ಹುಬ್ಬಳ್ಳಿಯಲ್ಲಿ, ಮೈಸೂರಿನಲ್ಲಿ, ಬೆಂಗಳೂರಿನಲ್ಲಿ. ನಮಗೆ ಸಿಕ್ಕದ್ದು ಅಂಗಿಯ ಮೇಲಿನ ಹೆಸರು. ಅದೇ ಹೊತ್ತಿನಲ್ಲಿ ಇಲ್ಲಿಯ ಅನ್ನ, ಇಲ್ಲಿಯ ಬಿಸಿಲು ಉಂಡ ಒಬ್ಬ ಹುಡುಗಿ ಹೆಸರಿನ ಹಂಗಿಲ್ಲದೆ ಊರನ್ನು ಇಂಗ್ಲೆಂಡಿನ ಲಾರ್ಡ್ಸ್ ಮೈದಾನದವರೆಗೆ ಒಯ್ದಿದ್ದಳು.

ಲಾರ್ಡ್ಸಿನ ಕತೆಗೇ ಬರೋಣ. ಸೆಮಿಫೈನಲ್ಲಿನಲ್ಲಿ ಹರ್ಮನ್‌ಪ್ರೀತ್ ಅಜೇಯ 171 ಹೊಡೆದದ್ದು ಎಲ್ಲರಿಗೂ ನೆನಪಿದೆ. ಆಸ್ಟ್ರೇಲಿಯ ತಿರುಗಿ ಬೀಳುತ್ತಿದ್ದಾಗ, 75 ಹೊಡೆದು ಪಂದ್ಯ ಎಳೆದೊಯ್ಯುತ್ತಿದ್ದ ಎಲೀಸ್ ವಿಲಾನಿಯನ್ನು ರಾಜೇಶ್ವರಿ ಔಟು ಮಾಡಿದ್ದು ಅಷ್ಟಾಗಿ ನೆನಪಿಲ್ಲ. ಜುಲೈ 23ರಂದು ಲಾರ್ಡ್ಸಿನಲ್ಲಿ ಫೈನಲ್. ಇಂಗ್ಲೆಂಡಿನ ಆರಂಭದ ಜೊತೆಯಾಟ ಮುರಿದದ್ದು ಇವರೇ, ಲಾರೆನ್ ವಿನ್‌ಫೀಲ್ಡ್ ಬೌಲ್ಡ್. ಇಂಗ್ಲೆಂಡ್ 228ಕ್ಕೆ ನಿಂತಿತು. ಭಾರತ 191ಕ್ಕೆ ಮೂರೇ ವಿಕೆಟ್ ಕಳೆದುಕೊಂಡು ಕಪ್ಪಿನ ಹತ್ತಿರ ಬಂದಿತ್ತು. ಅಲ್ಲಿಂದ ಅನ್ಯಾ ಶ್ರಬ್‌ಸೋಲ್ ಚೆಂಡು ಹಿಡಿದು ಬಂದರು. 28 ರನ್ನಿಗೆ ಏಳು ವಿಕೆಟ್ ಉರುಳಿದವು. ಕೊನೆಯ ಜೋಡಿ ಪೂನಂ ಯಾದವ್, ರಾಜೇಶ್ವರಿ ಗಾಯಕವಾಡ. ಇಬ್ಬರೂ ಸ್ಪಿನ್ನರುಗಳು, ಬ್ಯಾಟು ಅವರ ಕಸುಬಲ್ಲ. ಪೂನಂ ಎತ್ತಿದ ಕ್ಯಾಚನ್ನು ಜೆನ್ನಿ ಗನ್ ಕೈಚೆಲ್ಲಿದರು, ನಮ್ಮವರ ಎದೆ ಒಂದು ಸಲ ತಣ್ಣಗಾಯಿತು. ಆಮೇಲೆ ಶ್ರಬ್‌ಸೋಲ್ ಹಾಕಿದ ನೆಟ್ಟಗಿನ ಚೆಂಡಿಗೆ ರಾಜೇಶ್ವರಿಯವರ ಸ್ಟಂಪು ಹಾರಿತು. 219. ಒಂಬತ್ತು ರನ್ನಿನ ಸೋಲು.

ಜೀವನವಿಡೀ ನೆಟ್ಟಗಿನ ಚೆಂಡು ಹಾಕಿ ಬ್ಯಾಟರುಗಳನ್ನು ಕೆಡವಿದವರನ್ನು ಅಂಥದೇ ಚೆಂಡು ಕೆಡವಿತು. ಹನ್ನೊಂದನೇ ಕ್ರಮಾಂಕದವರನ್ನು ಸೋಲಿಗೆ ದೂರುವವರು ಆಟ ನೋಡಿದವರಲ್ಲ, ಫಲಿತಾಂಶ ನೋಡಿದವರು. ಕಳಚಿಬಿದ್ದದ್ದು ಅವರಿಗಿಂತ ಮೇಲಿನ ಆರು ವಿಕೆಟ್.

ತಂಡ ಸೋತು ಬಂದರೂ ದೇಶ ಮೆರವಣಿಗೆ ಮಾಡಿತು. ಕ್ರಿಕೆಟ್ ಮಂಡಳಿ ಪ್ರತಿ ಆಟಗಾರ್ತಿಗೆ 50 ಲಕ್ಷ ಘೋಷಿಸಿತು. ಆ ಹದಿನೈದು ಮಂದಿಯಲ್ಲಿ ಹತ್ತು ಮಂದಿ ರೈಲ್ವೆ ಇಲಾಖೆಯ ನೌಕರರು, ರಾಜೇಶ್ವರಿಯವರೂ ಸೇರಿ. ಈ ಸಂಗತಿಯನ್ನು ನಾವು ಮರೆಯಬಾರದು. ಮಹಿಳಾ ಕ್ರಿಕೆಟ್ ಭಾರತದ ಕ್ರಿಕೆಟ್ ಮಂಡಳಿಯ ತೆಕ್ಕೆಗೆ ಬಂದದ್ದೇ 2006ರಲ್ಲಿ, ಆಟಗಾರ್ತಿಯರಿಗೆ ಮಂಡಳಿಯ ವಾರ್ಷಿಕ ಗುತ್ತಿಗೆ ಸಿಕ್ಕದ್ದು 2015ರಲ್ಲಿ. ಅದಕ್ಕೂ ಮೊದಲು ಈ ಹುಡುಗಿಯರ ಮನೆಯ ಒಲೆ ಉರಿಸಿದ್ದು ರೈಲ್ವೆಯ ಪಗಾರ. ಗಂಡುಮಕ್ಕಳಷ್ಟೇ ಪಂದ್ಯ ಶುಲ್ಕ, ಅಂದರೆ ಟೆಸ್ಟಿಗೆ 15 ಲಕ್ಷ, ಒಂದು ದಿನದ ಪಂದ್ಯಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ, ಎಂದು ಮಂಡಳಿ ಹೇಳಿದ್ದು 2022ರ ಅಕ್ಟೋಬರಿನಲ್ಲಿ. ರಾಜೇಶ್ವರಿಯವರ ಒಂದು ದಿನದ ಪಂದ್ಯಗಳೆಲ್ಲ ಹೆಚ್ಚುಕಡಿಮೆ ಅಷ್ಟರಲ್ಲಿ ಮುಗಿದಿದ್ದವು.

ಇನ್ನು ಕಾರಿನ ಪ್ರಸಂಗ. 2017ರ ಸೆಪ್ಟೆಂಬರಿನಲ್ಲಿ ಆಗಿನ ಜಲಸಂಪನ್ಮೂಲ ಸಚಿವರು, ಬಬಲೇಶ್ವರದ ಶಾಸಕರು, ಎಂ.ಬಿ. ಪಾಟೀಲರು ಊರ ಮಗಳಿಗೆ ಸುಮಾರು ಐದು ಲಕ್ಷ ಬೆಲೆಯ ಕಾರನ್ನು ಉಡುಗೊರೆ ಕೊಡಲು ಮುಂದಾದರು. ಈ ಭಾಗದ ಜನಕ್ಕೆ ಅವರು ಕೆರೆಗೆ ನೀರು ತರಿಸಿದವರಾಗಿ ಗೊತ್ತು. ಉಡುಗೊರೆ ಪ್ರೀತಿಯಿಂದಲೇ ಬಂದದ್ದು. ರಾಜೇಶ್ವರಿ ಬೇಡವೆಂದರು. ನನಗೆ ಕಾರಿಗಿಂತ ಮನೆ ಮುಖ್ಯ, ನಮ್ಮ ಕುಟುಂಬಕ್ಕೆ ಇರಲು ಒಂದು ಮನೆ ಬೇಕು ಎಂಬುದು ಅವರ ಮಾತಿನ ತಾತ್ಪರ್ಯ. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಸಚಿವರು ಕೊಟ್ಟದ್ದನ್ನು ಬೇಡ ಅನ್ನುವುದೇ ಎಂದು ಹುಬ್ಬೇರಿಸಿದವರೂ ಇದ್ದಾರು. ನನಗಂತೂ ಆ ಮಾತು ಬಹಳ ಹಿಡಿಸಿತು.

ಯಾಕಂದರೆ, ನಮ್ಮಲ್ಲಿ ಸನ್ಮಾನಕ್ಕೆ ಒಂದು ಪದ್ಧತಿ ಬಿದ್ದುಹೋಗಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ದೊಡ್ಡವರಾದರೆ ಕಾರಿನ ಕೀಲಿಯ ದೊಡ್ಡ ರಟ್ಟಿನ ಗೊಂಬೆ, ಫೋಟೋ. ಪಡೆಯುವವರಿಗೆ ಏನು ಬೇಕು ಎಂದು ವೇದಿಕೆಯ ಮೇಲೆ ಯಾರೂ ಕೇಳುವುದಿಲ್ಲ. ಹಿಂದಿನ ವರ್ಷವಷ್ಟೇ ತ್ರಿಪುರಾದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ತಮಗೆ ಬಂದ ಬಿಎಂಡಬ್ಲ್ಯು ಕಾರನ್ನು ಹಿಂದಿರುಗಿಸಿದ್ದರು. ಅಗರ್ತಲಾದ ರಸ್ತೆಗೆ ಆ ಕಾರು ಒಗ್ಗುವುದಿಲ್ಲ, ರಿಪೇರಿಗೆ ಅಲ್ಲಿ ಅಂಗಡಿಯೂ ಇಲ್ಲ ಎಂಬುದು ಆಗ ಅವರು ಕೊಟ್ಟ ಕಾರಣ. ಇತ್ತ ವಿಜಯಪುರದಲ್ಲಿ, ಕಾರು ಮನೆಮುಂದೆ ನಿಲ್ಲಬೇಕಾದರೆ ಮೊದಲು ಮನೆ ಬೇಕಲ್ಲ. ತಂದೆ ಇಲ್ಲದ ಮನೆಯ ದುಡಿಯುವ ಮಗಳು ಅದನ್ನು ನೇರವಾಗಿಯೇ ಹೇಳಿದಳು. ಸ್ಟಂಪಿನಿಂದ ಸ್ಟಂಪಿಗೆ!

ಆಮೇಲಿನ ವರ್ಷಗಳನ್ನು ಓಡಿಸಿಕೊಂಡು ಹೇಳುತ್ತೇನೆ. ಒಳಗೆ, ಹೊರಗೆ, ಮತ್ತೆ ಒಳಗೆ, ಹೀಗೇ ನಡೆಯಿತು. 2022ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಮೌಂಟ್ ಮೌಂಗನೂಯಿಯಲ್ಲಿ ಪಾಕಿಸ್ತಾನದ ವಿರುದ್ಧ 31 ರನ್ನಿಗೆ 4 ವಿಕೆಟ್ ಕಿತ್ತರು, ಭಾರತ 107 ರನ್ನಿನಿಂದ ಗೆದ್ದಿತು. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾದಾಗ ಯುಪಿ ವಾರಿಯರ್ಜ್ ಅವರನ್ನು 40 ಲಕ್ಷಕ್ಕೆ ಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಮೈಸೂರಿನ ಮೊದಲ ಟೆಸ್ಟಿನ ಒಂಬತ್ತು ವರ್ಷಗಳ ಮೇಲೆ, ಟೆಸ್ಟ್ ತಂಡಕ್ಕೆ ಕರೆ ಬಂತು. ನವಿ ಮುಂಬೈಯಲ್ಲಿ ಇಂಗ್ಲೆಂಡ್ 347 ರನ್ನಿನಿಂದ ಸೋತಿತು. ವಾಂಖೆಡೆಯಲ್ಲಿ ಆಸ್ಟ್ರೇಲಿಯದ ಮಹಿಳೆಯರನ್ನು ಭಾರತ ಟೆಸ್ಟಿನಲ್ಲಿ ಮೊದಲ ಬಾರಿ ಸೋಲಿಸಿತು. ಎರಡೂ ಪಂದ್ಯಗಳಲ್ಲಿ ಅವರಿದ್ದರು.

ಒಂದು ದಿನದ ಪಂದ್ಯಗಳಲ್ಲಿ ಅವರ ವಿಕೆಟ್ಟು 99, ಪಂದ್ಯ 64. ಭಾರತದ ಮಹಿಳೆಯರ ಪಟ್ಟಿಯಲ್ಲಿ ಅವರಿಗಿಂತ ಒಂದೇ ಮೆಟ್ಟಿಲು ಮೇಲೆ, ಸರಿಯಾಗಿ 100 ವಿಕೆಟ್ಟಿನಲ್ಲಿ ನಿಂತವರು ಯಾರು ಗೊತ್ತೇ? ನೂಶಿನ್ ಅಲ್ ಖದೀರ್. ಟೆಹರಾನಿನಲ್ಲಿ ಹುಟ್ಟಿ ನಮ್ಮ ಕಲಬುರಗಿಯಲ್ಲಿ ಬೆಳೆದ ಆಫ್ ಸ್ಪಿನ್ನರ್. 2023ರಲ್ಲಿ 19ರೊಳಗಿನ ಹುಡುಗಿಯರು ವಿಶ್ವಕಪ್ ಗೆದ್ದಾಗ ತಂಡದ ಕೋಚ್ ಕೂಡ ಅವರೇ. ರಾಜೇಶ್ವರಿಯವರ ಒಂದು ಮೆಟ್ಟಿಲು ಕೆಳಗೆ, 98ರಲ್ಲಿ, ಡರ್ಬಿಯಲ್ಲಿ ಜಾಗ ಬಿಟ್ಟುಕೊಟ್ಟ ಅದೇ ಏಕ್ತಾ ಬಿಷ್ಟ್. ಕಲಬುರಗಿ, ವಿಜಯಪುರ ಹೀಗೆ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿವೆ. ಮಳೆ ಕಡಿಮೆ, ತೊಗರಿ, ಜೋಳ ಹೆಚ್ಚು ಎಂದಷ್ಟೇ ಪಾಠದಲ್ಲಿ ಓದುವ ಎರಡು ಜಿಲ್ಲೆಗಳಿಗೆ 199 ವಿಕೆಟ್. ಆ ನೂರನೆಯದು ಬರಲಿಲ್ಲವಲ್ಲ ಎಂದು ಕೊರಗುವವರಿದ್ದಾರೆ. ನನಗೆ ಆ ಕೊರಗಿಲ್ಲ. 99 ಬ್ಯಾಟರುಗಳನ್ನು ಪೆವಿಲಿಯನ್ನಿಗೆ ಕಳಿಸಿದ ಬೆರಳಿಗೆ ಇನ್ನೊಂದರ ಸಾಲ ಇಲ್ಲ.

2025ರ ನವೆಂಬರ್ 2ರ ರಾತ್ರಿ ನವಿ ಮುಂಬೈಯಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು 52 ರನ್ನಿನಿಂದ ಸೋಲಿಸಿ ಕೊನೆಗೂ ವಿಶ್ವಕಪ್ ಎತ್ತಿದರು. ಲಾರ್ಡ್ಸಿನ ಹನ್ನೊಂದರಲ್ಲಿ ಹರ್ಮನ್‌ಪ್ರೀತ್, ಸ್ಮೃತಿ, ದೀಪ್ತಿ ಮೂವರೇ ಈ ತಂಡದಲ್ಲಿ ಉಳಿದಿದ್ದರು. ಎಡಗೈ ಸ್ಪಿನ್ ಹಾಕುತ್ತಿದ್ದವರಲ್ಲಿ ಕಡಪ ಜಿಲ್ಲೆಯ ಶ್ರೀಚರಣಿಯೂ ಒಬ್ಬರು, ನಮ್ಮ ಹಾಗೇ ಬಿಸಿಲು ನಾಡಿನ ಹುಡುಗಿ. ಗೆದ್ದವರು ಕಪ್ಪನ್ನು ಹಿರಿಯರಾದ ಮಿಥಾಲಿ, ಝೂಲನ್ ಅವರ ಕೈಗೂ ಕೊಟ್ಟು ಸಂಭ್ರಮಿಸಿದರು, ಅದು ದೊಡ್ಡ ಮನಸ್ಸು. ಅಂದು ನಾನು ನೋಡಿದ ಚಾನೆಲ್ಲಿನಲ್ಲಿ 2017ರ ಆ ಸೋಲಿನ ದೃಶ್ಯವನ್ನೂ ತೋರಿಸಿದರು. ಹಾರಿದ ಸ್ಟಂಪು ಯಾರದು ಎಂದು ನಿರೂಪಕರು ಹೇಳಲಿಲ್ಲ, ಅದಕ್ಕೆ ಎಂಟು ದಿನ ಮೊದಲು ಡರ್ಬಿಯಲ್ಲಿ ಐದು ವಿಕೆಟ್ ಕಿತ್ತು ಆ ತಂಡವನ್ನು ಟೂರ್ನಿಯಲ್ಲಿ ಉಳಿಸಿದ್ದು ಯಾರೆಂದೂ ಹೇಳಲಿಲ್ಲ. ನಮ್ಮ ಆಕಾಶವಾಣಿಯಲ್ಲಾದರೂ ಆ ಹೆಸರು ಎರಡು ಸಲ ಹೆಚ್ಚೇ ಕೇಳಿಬರಲಿ ಎಂದು ನಾನು ಇಷ್ಟು ಹೊತ್ತು ತೆಗೆದುಕೊಂಡೆ.